ಓಡದೇ ಇರೋ ಟೆಸ್ಟೂ ಪಾಸಾ?

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಲಿನಕ್ಸ್ ಕರ್ನಲ್‌ನ ಕೆವಿಎಂ ಟೆಸ್ಟ್‌ಗಳನ್ನು ಲ್ಯಾಬ್‌ನಲ್ಲಿ ಓಡಿಸಿದೆವು. ಫಲಿತಾಂಶ ಎಣಿಸೋಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆವು. ಒಂದೂ ಫೇಲ್ ಇಲ್ಲ ಅಂತು. ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸಿ, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದೆವು. ಎರಡು ದಿನ ಆದ್ಮೇಲೆ ಜೂನಿಯರ್ ಒಬ್ಬಳು ಪೂರ್ತಿ ಲಾಗ್ ಓದಿ ಕೇಳಿದಳು: "ಅಕ್ಕ, ಪ್ರತಿ ಸಾಲಿನ ಕೊನೇಲಿ ಸ್ಕಿಪ್ ಅಂತ ಇದೆಯಲ್ಲ, ಹಾಗಂದ್ರೇನು?"

ಹಾಗಂದ್ರೆ ಟೆಸ್ಟ್ ಓಡೇ ಇಲ್ಲ ಅಂತ! ನಾವು ವಿಂಡೋಸ್ ಮೇಲೆ ಒಂದು ವರ್ಚುವಲ್ ಮೆಷಿನ್ ಹಾಕಿ, ಅದರೊಳಗೆ ಲಿನಕ್ಸ್ ಓಡಿಸುತ್ತಿದ್ದೆವು. ಅಲ್ಲಿ ಕೆವಿಎಂಗೆ ಬೇಕಾದ ಹಾರ್ಡ್‌ವೇರ್ ಬೆಂಬಲವೇ ಸಿಕ್ಕಿರಲಿಲ್ಲ. ಕರ್ನಲ್‌ನ ಟೆಸ್ಟ್ ರನ್ನರ್ ಸ್ಕಿಪ್ ಆದ ಟೆಸ್ಟಿನ ಸಾಲನ್ನೂ 'ಓಕೆ' ಅಂತಲೇ ಶುರು ಮಾಡುತ್ತೆ. ಸ್ಕಿಪ್ ಅನ್ನೋ ಮಾತು ಸಾಲಿನ ಕೊನೆಗೆ ಬರುತ್ತೆ. ನಮ್ಮ ಸ್ಕ್ರಿಪ್ಟ್ ನೋಡಿದ್ದು ಬರೀ ಮೊದಲ ಪದವನ್ನು. ತಪ್ಪು ರನ್ನರ್‌ನದ್ದಲ್ಲ, ನಮ್ಮದು.

ಈ ಅವಮಾನದಿಂದ ನಮಗೆ ಹೊಳೆದ ಮಾತು ಇಷ್ಟೇ: ಟೆಸ್ಟ್ ಕೋಡ್ ಕೂಡ ಕೋಡೇ. ಅದನ್ನು ಒಮ್ಮೆ ಬರೆದು ಬಿಟ್ಟರೆ ಆಗಲ್ಲ, ನೋಡಿಕೊಳ್ಳುತ್ತಿರಬೇಕು. ಅಂಗಡಿಯವರ ತಕ್ಕಡಿ, ತೂಕದ ಬಟ್ಟುಗಳಿಗೂ ಆಗಾಗ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು ಅಲ್ವಾ? ಇದೂ ಹಾಗೇ.

ಕೆವಿಎಂ ಅಂದರೆ ಲಿನಕ್ಸ್ ಕರ್ನಲ್ಲೇ ವರ್ಚುವಲ್ ಮೆಷಿನ್‌ಗಳನ್ನು ಓಡಿಸಲು ಅನುವು ಮಾಡಿಕೊಡುವ ಭಾಗ. 2007ರಲ್ಲಿ 2.6.20 ಆವೃತ್ತಿಯೊಂದಿಗೆ ಬಂತು. ಗೂಗಲ್ ಕ್ಲೌಡ್‌ನ ವರ್ಚುವಲ್ ಮೆಷಿನ್‌ಗಳು ನಿಂತಿರೋದು ಇದರ ಮೇಲೆಯೇ. 2018ರಿಂದ ಇದರ ಸೆಲ್ಫ್‌ಟೆಸ್ಟ್‌ಗಳು ಕರ್ನಲ್ ಮೂಲದ ಒಳಗೇ ಇವೆ. ಒಂದೊಂದು ಟೆಸ್ಟೂ ಒಂದು ಸಿ ಪ್ರೋಗ್ರಾಂ. ಅದು ತಾನೇ ಒಂದು ಪುಟ್ಟ ವರ್ಚುವಲ್ ಮೆಷಿನ್ ಕಟ್ಟಿ, ಅದೇ ಫೈಲಿನಲ್ಲಿರುವ ಒಂದು ಫಂಕ್ಷನ್ನನ್ನು ಗೆಸ್ಟ್ ಆಗಿ ಓಡಿಸುತ್ತೆ. ಗೆಸ್ಟ್ ಒಳಗೆ ಆಪರೇಟಿಂಗ್ ಸಿಸ್ಟಂ ಇಲ್ಲ, ಸಿ ಲೈಬ್ರರಿಯೂ ಇಲ್ಲ. ಪೇಜ್ ಟೇಬಲ್ಲಿನಿಂದ ಹಿಡಿದು ಎಲ್ಲವನ್ನೂ ಟೆಸ್ಟಿನ ಜೊತೆಗಿರುವ ಪುಟ್ಟ ಲೈಬ್ರರಿಯೇ ಸಿದ್ಧಮಾಡಬೇಕು.

ಇದೆಲ್ಲ ಯಾಕೆ ಮುಖ್ಯ? ಡರ್ಟಿ ಲಾಗ್ ಟೆಸ್ಟನ್ನೇ ತಗೊಳ್ಳಿ. ಓಡುತ್ತಿರುವ ವರ್ಚುವಲ್ ಮೆಷಿನ್ನನ್ನು ನಿಲ್ಲಿಸದೆ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ, ಆ ನಡುವೆ ಯಾವ ಯಾವ ಮೆಮೊರಿ ಪುಟ ಬದಲಾಯಿತು ಅಂತ ಕರ್ನಲ್ ಲೆಕ್ಕ ಇಡಬೇಕು. ಒಂದೇ ಒಂದು ಪುಟ ತಪ್ಪಿದರೂ ಅತ್ತ ಕಡೆ ಹಳೇ ಡೇಟಾ ಉಳಿಯುತ್ತೆ. ಯಾವ ಎರರ್ ಮೆಸೇಜೂ ಬರದೇ ಹೋಗಬಹುದು. ಈ ಲೆಕ್ಕ ಸರಿ ಇದೆಯಾ ಅಂತ ನೋಡೋದೇ ಆ ಟೆಸ್ಟಿನ ಕೆಲಸ. ಆ ಟೆಸ್ಟೇ ಸುಳ್ಳು ಹೇಳಿದರೆ?

ಟೆಸ್ಟ್ ಕೆಡೋಕೆ ಕೆವಿಎಂ ಕೆಡಲೇಬೇಕು ಅಂತಿಲ್ಲ. ಕೆಲವು ಡಿಸ್ಟ್ರೋಗಳು ಜಿಸಿಸಿ ಕಂಪೈಲರ್‌ನ ಡೀಫಾಲ್ಟ್ ಮಟ್ಟವನ್ನು ಎಕ್ಸ್86-64-ವಿ3ಗೆ ಏರಿಸಿದ್ದವು. ಆಗ ಗೆಸ್ಟ್ ಕೋಡಿನೊಳಗೂ ಎವಿಎಕ್ಸ್ ಇನ್‌ಸ್ಟ್ರಕ್ಷನ್‌ಗಳು ನುಸುಳಿದವು. ಆ ಪುಟ್ಟ ಗೆಸ್ಟ್‌ನಲ್ಲಿ ಎವಿಎಕ್ಸನ್ನು ಯಾರೂ ಆನ್ ಮಾಡಿರಲಿಲ್ಲ. ಎಷ್ಟೋ ಟೆಸ್ಟ್‌ಗಳು ಎಕ್ಸೆಪ್ಷನ್ ಬಂದು ಬಿದ್ದವು. 2024ರಲ್ಲಿ ಮೊದಲು ಟೆಸ್ಟ್‌ಗಳನ್ನು ವಿ2 ಮಟ್ಟಕ್ಕೇ ಕಂಪೈಲ್ ಮಾಡುವಂತೆ ಕಟ್ಟಿಹಾಕಿದರು; ಆಮೇಲೆ ಗೆಸ್ಟ್ ಶುರುವಾಗುವಾಗಲೇ ಎವಿಎಕ್ಸ್ ಆನ್ ಆಗಿರುವಂತೆ ಲೈಬ್ರರಿಯನ್ನೇ ತಿದ್ದಿದರು. ಕೆವಿಎಂನಲ್ಲಿ ಇದಕ್ಕೆ ಸಂಬಂಧಿಸಿದ ದೋಷವೇ ಇರಲಿಲ್ಲ. ಆದರೂ ಯಾರೋ ಕೂತು ಬೇರು ಹುಡುಕಲೇಬೇಕಾಯಿತು. ಹುಡುಕದೆ "ಈ ಟೆಸ್ಟ್ ಯಾವಾಗ್ಲೂ ಫೇಲ್ ಆಗುತ್ತೆ, ಬಿಡಿ" ಅಂದಿದ್ದರೆ, ನಾಳೆ ನಿಜವಾದ ದೋಷ ಬಂದಾಗಲೂ ಅದೇ ಮಾತು ಹೇಳುತ್ತಿದ್ದರು.

ಇನ್ನೊಂದು ಉದಾಹರಣೆ 2022ರದ್ದು. ಆವರೆಗೆ ಟೆಸ್ಟ್‌ಗಳು ವರ್ಚುವಲ್ ಸಿಪಿಯುವನ್ನು ಬರೀ ಒಂದು ನಂಬರ್‌ನಿಂದ ಗುರುತಿಸುತ್ತಿದ್ದವು. ಅದನ್ನು ತೆಗೆದು, ನೇರವಾಗಿ ಆ ಸಿಪಿಯುವಿನ ಸ್ಟ್ರಕ್ಟ್ ಬಳಸುವಂತೆ ಎಲ್ಲ ಟೆಸ್ಟ್‌ಗಳನ್ನೂ ಬದಲಿಸಿದರು. ಅದಕ್ಕೆ ನೂರಕ್ಕೂ ಹೆಚ್ಚು ಪ್ಯಾಚ್‌ಗಳು ಬೇಕಾದವು! ಬಳಕೆದಾರರಿಗೆ ಒಂದೇ ಒಂದು ಹೊಸ ಸೌಲಭ್ಯವೂ ಸಿಗಲಿಲ್ಲ. ಮುಂದೆ ಟೆಸ್ಟ್ ಬರೆಯುವವರಿಗೆ, ಓದುವವರಿಗೆ ಸುಲಭವಾಯಿತು, ಅಷ್ಟೇ. ನಮ್ಮಲ್ಲಿ ಯಾರಾದರೂ ಇಂಥ ಕೆಲಸ ಮಾಡಿದರೆ ವೈವಾದಲ್ಲಿ ಏನಂತ ತೋರಿಸೋದು?

ಇಲ್ಲೇ ನಮ್ಮ ತಕರಾರು ಇರೋದು. "ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮುಗಿಸೋಕೇ ಟೈಮ್ ಇಲ್ಲ, ಇನ್ನು ಟೆಸ್ಟಾ?" ಅಂತ ಗೆಳೆಯರು ಕೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಪ್ರತಿ ವರ್ಷ ಸೀನಿಯರ್ಸ್ ಬಿಟ್ಟುಹೋದ ಪ್ರಾಜೆಕ್ಟನ್ನು ಜೂನಿಯರ್ಸ್ ಕೈಗೆತ್ತಿಕೊಂಡು, ಎಲ್ಲಿ ಮುಟ್ಟಿದರೆ ಏನು ಮುರಿಯುತ್ತೆ ಅಂತ ಗೊತ್ತಾಗದೆ, ಮತ್ತೆ ಸೊನ್ನೆಯಿಂದ ಶುರು ಮಾಡೋದನ್ನೂ ನಾವು ನೋಡಿದ್ದೀವಿ. ಆ ಟೈಮನ್ನು ಯಾರ ಲೆಕ್ಕಕ್ಕೆ ಬರೆಯೋಣ?

ನಾವು ಕೇಳೋದು ಮೂರೇ ಮೂರು. ರಿಪೋರ್ಟಿನಲ್ಲಿ ಪಾಸ್, ಫೇಲ್, ಸ್ಕಿಪ್ ಮೂರನ್ನೂ ಬೇರೆ ಬೇರೆ ಬರೆಯೋಣ. ಟೆಸ್ಟ್ ಬರೆದ ಮೇಲೆ ಕೋಡನ್ನು ಬೇಕಂತಲೇ ಒಮ್ಮೆ ಕೆಡಿಸಿ, ಟೆಸ್ಟ್ ಫೇಲ್ ಆಗುತ್ತಾ ಅಂತ ನೋಡೋಣ. ಆಗದಿದ್ದರೆ ಅದು ಟೆಸ್ಟೇ ಅಲ್ಲ. ಪ್ರಾಜೆಕ್ಟನ್ನು ಜೂನಿಯರ್ಸಿಗೆ ಕೊಡುವಾಗ ಓಡುವ ಟೆಸ್ಟ್‌ಗಳನ್ನೂ ಜೊತೆಗೆ ಕೊಡೋಣ, ಅದಕ್ಕೂ ಒಂದಿಷ್ಟು ಮಾರ್ಕ್ಸ್ ಇಡಿ ಅಂತ ಗೈಡ್‌ಗಳನ್ನು ಕೇಳೋಣ.

ನಮ್ಮ ರಿಪೋರ್ಟಿನ ಆ ಪುಟವನ್ನು ತಿದ್ದಿದ್ದೇವೆ. ಈಗ ಅಲ್ಲಿ ಹೀಗಿದೆ: ಪಾಸ್ 0, ಫೇಲ್ 0, ಉಳಿದದ್ದೆಲ್ಲ ಸ್ಕಿಪ್. ನೋಡೋಕೆ ಚೆನ್ನಾಗಿಲ್ಲ, ನಿಜ. ಮುಂದಿನ ವಾರ ಲಿನಕ್ಸನ್ನು ನೇರವಾಗಿ ಇನ್‌ಸ್ಟಾಲ್ ಮಾಡಿರುವ ಲ್ಯಾಪ್‌ಟಾಪಿನಲ್ಲಿ ಮತ್ತೆ ಓಡಿಸುತ್ತೇವೆ. ಈ ಸಲ ಲಾಗನ್ನು ಕೊನೇ ಸಾಲಿನವರೆಗೂ ಓದ್ತೀವಿ.