ಬಾಯಿ ತೆರೆದ ಮೀನು ಕೇಳುವುದೇನು?

ಬೇಸಿಗೆಯ ಒಂದು ಬೆಳಿಗ್ಗೆ ಬಗದಲ್‌ನ ಎಂಟನೆಯ ತರಗತಿಯ ಹುಡುಗನೊಬ್ಬ ನಮ್ಮ ಮನೆಗೆ ಬಂದ. ಕೈಯಲ್ಲಿ ದುಂಡನೆಯ ಗಾಜಿನ ಬಟ್ಟಲು, ಅದರಲ್ಲಿ ಎರಡು ಗೋಲ್ಡ್ ಫಿಶ್. "ಸರ್, ಮೀನು ಮ್ಯಾಲೆ ಬಂದು ಬಾಯಿ ಬಿಡ್ಲತ್ತಾವ್ರಿ. ಎಷ್ಟು ಹಾಕಿದ್ರೂ ಹಸಿವು ಹೋಗವಲ್ದ್ರಿ" ಎಂದ. ಬಟ್ಟಲು ಅಂಚಿನವರೆಗೂ ತುಂಬಿತ್ತು. ತಳದಲ್ಲಿ ಚುರುಮುರಿ ನೆನೆದು ಕೊಳೆತಿತ್ತು. "ಇವು ಸತ್ತರೆ ಇನ್ನು ಮೀನಿನ ಮಾತು ಎತ್ತಬೇಡ" ಎಂದು ತಂದೆ ಗದರಿಸಿದ್ದರಂತೆ.

ಮಕ್ಕಳೇ, ಆ ಮೀನುಗಳಿಗೆ ಬೇಕಾಗಿದ್ದುದು ಆಹಾರವಲ್ಲ, ಉಸಿರು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು ಸುಮಾರು 9 ಮಿಲಿಗ್ರಾಂ ಮಾತ್ರ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಅಷ್ಟರಲ್ಲೇ ಕೊಳೆಯುವ ಚುರುಮುರಿಯೂ ಪಾಲು ಕೇಳುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕಲ್ಲ! ಮೇಲಾಗಿ, ಅಮೋನಿಯಾ ಹುಟ್ಟಿ ಕಿವಿರುಗಳನ್ನು ಸುಡುತ್ತದೆ. ಹುಡುಗ ಕರುಣೆಯಿಂದ ಹಾಕಿದ ತಿಂಡಿಯೇ ಮೀನಿನ ಉಸಿರು ಕಟ್ಟಿಸುತ್ತಿತ್ತು.

ಬಟ್ಟಲಿನ ಆಕಾರವನ್ನೂ ನೋಡಿ. ಆಮ್ಲಜನಕ ಒಳಗಿಳಿಯುವುದು ನೀರಿನ ಮೇಲ್ಮೈಯಿಂದ. ಕಂಠದವರೆಗೆ ತುಂಬಿದರೆ ಮೇಲ್ಮೈ ಕಿರಿದಾಗುತ್ತದೆ. ಹೊಟ್ಟೆಯ ಮಟ್ಟಕ್ಕೆ ನಿಲ್ಲಿಸಿದರೆ ಹಿರಿದಾಗುತ್ತದೆ.

ಹಾಗೆಂದು ನೀರನ್ನೆಲ್ಲ ಚೆಲ್ಲಿ ನಲ್ಲಿಯ ಹೊಸ ನೀರು ತುಂಬಬೇಡಿ. ವರ್ಷಗಳ ಹಿಂದೆ ನಾನೇ ಹಾಗೆ ಮಾಡಿ, ಸಂಜೆಯೊಳಗೆ ನಾಲ್ಕು ಮೀನು ಕಳೆದುಕೊಂಡೆ. ಬಿಎಸ್ಸಿ ಓದಿದವನಿಗೆ ಕ್ಲೋರಿನ್ ನೆನಪಾಗಿರಲಿಲ್ಲ! ಈ ಸಲ ಹಿಂದಿನ ದಿನ ತೆರೆದ ಬಕೆಟ್ಟಿನಲ್ಲಿ ಇಟ್ಟಿದ್ದ ನೀರಿತ್ತು. ಕೊಳೆ ತೆಗೆದು, ಅರ್ಧದಷ್ಟು ನೀರು ಬದಲಿಸಿ, ಬಟ್ಟಲನ್ನು ನೆರಳಿಗಿಟ್ಟೆವು. ಒಂದು ಮೀನು ಮರುದಿನ ಸತ್ತಿತು. ಇನ್ನೊಂದು ಬದುಕಿತು.

ಆದರೆ ಮೇಲೆ ಬರುವ ಮೀನೆಲ್ಲ ಸಂಕಟದಲ್ಲಿದೆ ಎನ್ನಬೇಡಿ. ಗೌರಾಮಿ, ಫೈಟರ್ ಮೀನುಗಳಿಗೆ ಗಾಳಿಯನ್ನೇ ಉಸಿರಾಡುವ ಹೆಚ್ಚಿನ ಅಂಗವಿದೆ. ನಮ್ಮ ಕೆರೆಗಳ ಕೊರವ ಮೀನಿಗೂ ಇದೆ. ಅವು ಆಗಾಗ ಮೇಲೆ ಬಂದು ಹೋಗುವುದು ಸಹಜ. ರಾತ್ರಿ ತಳದಲ್ಲಿ ಅಲ್ಲಾಡದೆ ನಿಂತ ಮೀನು ಸತ್ತಿಲ್ಲ, ವಿಶ್ರಾಂತಿಯಲ್ಲಿದೆ. ಅದಕ್ಕೆ ಮುಚ್ಚಲು ರೆಪ್ಪೆಯಿಲ್ಲ ಅಷ್ಟೆ. ಆದರೆ ಮೈಯನ್ನು ಪದೇ ಪದೇ ಕಲ್ಲಿಗೆ ಉಜ್ಜುತ್ತ, ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ತೋರಿಸಿದರೆ ಅದು ಪರಾವಲಂಬಿ ಜೀವಿಯ ಕಾಟವಿರಬಹುದು.

ಅಂದರೆ, ಸಹಜ ಯಾವುದೆಂದು ತಿಳಿದವನಿಗೆ ಮಾತ್ರ ಅಸಹಜ ಕಾಣುತ್ತದೆ. ಅದಕ್ಕೆ ಉಪಾಯ ಒಂದು ನೋಟ್‌ಬುಕ್. ದಿನಕ್ಕೆ ಹತ್ತು ನಿಮಿಷ ಮೀನು ನೋಡಿ, ಕಂಡದ್ದನ್ನು ಬರೆಯಿರಿ: ಎಲ್ಲಿ ಈಜಿತು, ಎಷ್ಟು ತಿಂದಿತು, ನಿಮಿಷಕ್ಕೆ ಎಷ್ಟು ಬಾರಿ ಕಿವಿರು ಆಡಿಸಿತು. ಕಿವಿರಿನ ಎಣಿಕೆ ಏರಿದ ದಿನ, ಔಷಧಿಗಿಂತ ಮೊದಲು ನೀರನ್ನು ಪರೀಕ್ಷಿಸಿ.

ಪಾಲಕರಲ್ಲಿ ಒಂದು ಮಾತು. ಮೀನು ನೋಡುತ್ತ ಕೂತರೆ ಏನು ಬಂತು ಎನ್ನಬೇಡಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಈಗ ಅದು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ನಮ್ಮ ಬೀದರ್. ಅಷ್ಟು ದೂರದ ಮಾತು ಬೇಡವೆಂದರೂ ಸರಿ. ಆ ಹುಡುಗ ಈಗ ನೋಟ್‌ಬುಕ್ ಇಟ್ಟಿದ್ದಾನೆ. ಕಿವಿರು ಎಣಿಸುವಾಗ ಗಡಿಯಾರ ಹಿಡಿದು ಕೂರುವವರು ಅವನ ತಂದೆ.