ಕಾಂಬ್ಳಿಯ ‘ಶಿಸ್ತು’



ಮತ್ತೆ ಅದೇ ವಿಡಿಯೋ. 2024ರ ಡಿಸೆಂಬರ್, ಶಿವಾಜಿ ಪಾರ್ಕ್, ಕೂತಲ್ಲೇ ಸಚಿನ್ ಕೈ ಹಿಡ್ಕೊಂಡ ವಿನೋದ್ ಕಾಂಬ್ಳಿ. ಊಟದ ಹೊತ್ತಲ್ಲಿ ನಮ್ಮ ಆಫೀಸಿನವರು ನೋಡಿ ನಕ್ಕರು. ‘ಶಿಸ್ತಿಲ್ಲದಿದ್ರೆ ಹಿಂಗೇ ಸಾರ್’ ಅಂತ ನನಗೇ ಪಾಠ.

ನಾನು ಗುಮಾಸ್ತ, ಲೆಕ್ಕ ಕೇಳ್ತೀನಿ. 1993ರಲ್ಲಿ ಇಂಗ್ಲೆಂಡ್ ವಿರುದ್ಧ 224, ಮುಂದಿನ ಟೆಸ್ಟಲ್ಲೇ ಜಿಂಬಾಬ್ವೆ ವಿರುದ್ಧ 227. ಒಟ್ಟು 17 ಟೆಸ್ಟ್, 1,084 ರನ್, ಸರಾಸರಿ 54.20. ಕೊನೇ ಟೆಸ್ಟ್ 1995ರಲ್ಲಿ. ವಯಸ್ಸು? 23! ವೆಸ್ಟ್ ಇಂಡೀಸ್ ವೇಗಿಗಳ ಎದುರು ಎಡವಿದ್ದು ನಿಜ. ಕುಡಿತವೂ ನಿಜ, ಅದನ್ನ ನಾನು ಸಮರ್ಥಿಸಲ್ಲ. ಆದ್ರೆ ಶಿಸ್ತಿಲ್ಲದವರನ್ನ ಒಂದು ದಿನದ ಪಂದ್ಯಕ್ಕೆ 2000ದವರೆಗೂ ಕರೆದ್ರಲ್ಲ, ಟೆಸ್ಟಿಗೆ ಮಾತ್ರ ಶಿಸ್ತು ಬೇಕಿತ್ತಾ?

ಅವರ ಜಾತಿ ಬಗ್ಗೆ ನಮ್ಮಲ್ಲೇ ವಾದ ಇದೆ, ಅದು ಇರಲಿ. ಮೆಕ್ಯಾನಿಕ್ ಮಗ, ಮುಂಬೈ ಚಾಳಿನಿಂದ ಬಂದವರು. ಅಂಥಾ ಮನೆ ಹುಡುಗ ಚಿನ್ನದ ಸರ ಹಾಕಿದ್ರೂ ಇವರಿಗೆ ಕಣ್ಣುರಿ. ರನ್ ಬರದಿದ್ರೆ ಫಾರ್ಮ್ ಹೋಯ್ತು ಅನ್ನಲ್ಲ, ಬುದ್ಧೀನೇ ಹಂಗೆ ಅಂತಾರೆ.

2022ರಲ್ಲಿ, ಬೋರ್ಡಿನ 30,000 ಪಿಂಚಣಿ ಬಿಟ್ರೆ ಬೇರೆ ಆದಾಯ ಇಲ್ಲ, ಕೆಲಸ ಕೊಡಿ ಅಂತ ಕಾಂಬ್ಳಿಯೇ ಬಾಯ್ಬಿಟ್ಟು ಕೇಳಿದ್ರು. ಆವತ್ತು ಎಲ್ಲಿದ್ರಿ ಶಿಸ್ತಿನ ಮೇಷ್ಟ್ರುಗಳೇ?