ಪೈಲಟ್ ಮುಗಿಯಿತು, ಮಗು ಇನ್ನೂ ಮೂರನೇ ತರಗತಿಯಲ್ಲಿದೆ

ಮಕ್ಕಳ ಕಲಿಕೆ ಸುಧಾರಿಸುತ್ತೇವೆಂದು ಸಂಸ್ಥೆ ಕಟ್ಟಿಕೊಂಡು ಹೊರಟಿರುವ ಗೆಳೆಯರೇ, ಮುಂದಿನ ಸಲ ಸರ್ಕಾರಿ ಶಾಲೆಗೆ ಹೋದಾಗ ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಕಬ್ಬಿಣದ ಬೀರು ತೆಗೆಸಿ ನೋಡಿ. ಕೀಲಿ ಸಿಗುವುದಕ್ಕೆ ಸ್ವಲ್ಪ ಹೊತ್ತು ಹಿಡಿದೀತು. ಒಳಗೆ ಯಾವುದೋ ಕಂಪನಿಯ ಲಾಂಛನ ಹೊತ್ತ ವಿಜ್ಞಾನದ ಕಿಟ್ಟು ಇರುತ್ತದೆ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚಿರುವುದಿಲ್ಲ. ಅದರಡಿ ಚಾರ್ಜರ್ ಕಾಣೆಯಾದ ಟ್ಯಾಬುಗಳು. ಇನ್ನೂ ಕೆಳಗೆ ಇಂಗ್ಲಿಷ್ ಕಲಿಸಲೆಂದು ಬಂದ ಬಣ್ಣದ ಕಾರ್ಡುಗಳು, ರಬ್ಬರ್ ಬ್ಯಾಂಡ್ ಹಾಕಿದ್ದು ಹಾಕಿದ ಹಾಗೇ. ಒಂದೊಂದರ ಮೇಲೂ ಒಂದೊಂದು ಸಂಸ್ಥೆಯ ಹೆಸರು, ಒಂದೊಂದು ಘೋಷವಾಕ್ಯ.

ಮೇಷ್ಟ್ರು ಸೋಮಾರಿ ಎನ್ನುವ ಮೊದಲು ಪಕ್ಕದಲ್ಲೇ ಇರುವ ದಾಸ್ತಾನು ಪುಸ್ತಕವನ್ನೂ ತಿರುವಿಹಾಕಿ. ಬೀರುವಿನಲ್ಲಿರುವ ಪ್ರತಿಯೊಂದೂ ಅಲ್ಲಿ ದಾಖಲಾಗಿದೆ. ಮಗುವಿನ ಕೈಗೆ ಕೊಟ್ಟು ಒಡೆದರೆ, ಕಳೆದರೆ ಉತ್ತರ ಹೇಳಬೇಕಾದವರು ಅವರು. ಹಸ್ತಾಂತರದ ಫೋಟೊ ತೆಗೆಸಿಕೊಂಡು ಹೋದ ನೀವು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಗಣತಿ, ಮತದಾರರ ಪಟ್ಟಿ ಇವುಗಳ ನಡುವೆ ಪಾಠ ಮಾಡುವ ಆ ಮನುಷ್ಯನಿಗೆ ನಿಮ್ಮ ಕಿಟ್ಟು ಇನ್ನೊಂದು ಜವಾಬ್ದಾರಿಯಷ್ಟೇ. ಬೀಗ ಹಾಕಿಟ್ಟರೆ ಸುರಕ್ಷಿತ.

ನಿಮ್ಮ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಲಕ್ಷಗಟ್ಟಲೆ ಸಂಬಳದ ಕೆಲಸ ಬಿಟ್ಟು, ಮನೆಯವರ ಮುಖ ಎದುರಿಸಿ, ಓದಲು ಬಾರದ ಮಗುವಿಗಾಗಿ ಏನಾದರೂ ಮಾಡಬೇಕೆಂದು ಬಂದವರು ನಿಮ್ಮಲ್ಲಿ ಬಹಳ ಜನ. ಹೊರಗಿನವರು ಒಳಗೆ ಬಾರದಿದ್ದರೆ ನಮ್ಮ ಶಿಕ್ಷಣ ವ್ಯವಸ್ಥೆ ಕನ್ನಡಿ ನೋಡಿಕೊಳ್ಳುತ್ತಲೇ ಇರಲಿಲ್ಲ. 2005ರಲ್ಲಿ ಪ್ರಥಮ್ ಸಂಸ್ಥೆ ‘ಅಸರ್’ ಸಮೀಕ್ಷೆ ಶುರುಮಾಡುವವರೆಗೆ ಶಾಲೆ ಎಂದರೆ ಕಟ್ಟಡ, ದಾಖಲಾತಿ, ಶೌಚಾಲಯಗಳ ಲೆಕ್ಕವೇ ಆಗಿತ್ತು. ಒಂದೇ ಹಾಳೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದು ಸಣ್ಣ ಪ್ಯಾರಾ, ಒಂದು ಪುಟ್ಟ ಕಥೆ. ಸ್ವಯಂಸೇವಕರು ಅದನ್ನು ಹಿಡಿದು ಹಳ್ಳಿಯ ಮನೆ ಬಾಗಿಲಿಗೆ ಹೋಗಿ, ಜಗಲಿಯ ಮೇಲೆ ಕೂತು ಮಗುವಿನಿಂದ ಓದಿಸಿದರು. ಪಕ್ಕದಲ್ಲಿ ನಿಂತ ಅವ್ವ ತನ್ನ ಮಗಳು ಎಲ್ಲಿ ತಡವರಿಸಿದಳೆಂದು ಮೊದಲ ಬಾರಿಗೆ ಕಣ್ಣಾರೆ ಕಂಡಳು. 2024ರ ಅಸರ್ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು ಶೇ 23.4 ಮಾತ್ರ. 2018ರಲ್ಲಿ ಅದು ಶೇ 20.9, ಕೋವಿಡ್ ನಂತರದ 2022ರಲ್ಲಿ ಶೇ 16.3. ಏರಿದೆ ಎಂದು ಸಮಾಧಾನಪಡಬಹುದು. ಆದರೆ ನಾಲ್ವರಲ್ಲಿ ಮೂವರು ಹಿಂದುಳಿದೇ ಇದ್ದಾರೆ. ಇಷ್ಟೂ ವರ್ಷ ನೀವೂ ಇದ್ದಿರಿ, ನಿಮ್ಮಂಥ ನೂರಾರು ಸಂಸ್ಥೆಗಳೂ ಇದ್ದವು.

ಹಾಗಾದರೆ ಎಲ್ಲಿ ತಪ್ಪುತ್ತಿದೆ? ನನ್ನ ಉತ್ತರ ಇಷ್ಟೆ: ನೀವು ಹೊರಟು ಹೋಗುತ್ತೀರಿ.

ನವೋದ್ಯಮದವರ ಬಾಯಲ್ಲಿ ಸದಾ ಆಡುವ ಮಂತ್ರವೊಂದಿದೆ, ‘ಫೇಲ್ ಫಾಸ್ಟ್’. ಬೇಗ ಸೋತು, ಪಾಠ ಕಲಿತು, ಮುಂದಿನದಕ್ಕೆ ಹೋಗು ಅಂತ. ಊಟ ತರಿಸುವ ಆ್ಯಪಿಗೆ ಅದು ಸರಿ. ಮೂರನೇ ತರಗತಿಯ ಮಗುವಿಗೆ ಮೂರನೇ ತರಗತಿ ಒಂದೇ ಸಲ ಬರುತ್ತದೆ. ನಿಮ್ಮ ಪ್ರಯೋಗ ಸೋತರೆ ನೀವು ಅದರ ಬಗ್ಗೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಬಹುದು. ಆ ಮಗು ಕೂಡುವ ಕಳೆಯುವ ಲೆಕ್ಕ ಬಾರದೆ ನಾಲ್ಕಕ್ಕೆ ಹೋಗಿ, ಭಾಗಾಕಾರದ ಮುಂದೆ ಕಣ್ಣು ಬಿಡುತ್ತ ಕೂರುತ್ತದೆ. ಪೈಲಟ್ ಎಂಬ ಹೆಸರಲ್ಲಿ ನಡೆಯುವ ಈ ಪ್ರಯೋಗಗಳಿಗೆ ಆ ಮಗುವಿನ ಅಪ್ಪ ಅಮ್ಮನ ಒಪ್ಪಿಗೆ ಕೇಳಿದವರು ಎಷ್ಟು ಜನ? ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೂತು, ಇದು ಎಷ್ಟು ದಿನ ನಡೆಯುತ್ತದೆ, ಆಮೇಲೆ ಏನು ಎಂದು ಹೇಳಿದವರು ಎಷ್ಟು ಜನ?

ಹೊರಟು ಹೋಗುವುದಕ್ಕೆ ಕಾನೂನಿನ ಆಸರೆಯೂ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ (ಸಿಎಸ್‌ಆರ್) ಖರ್ಚು ಮಾಡಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ‘ಮುಂದುವರಿಯುವ ಯೋಜನೆ’ ಎಂದರೆ ನಿಯಮದ ಲೆಕ್ಕದಲ್ಲಿ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ಈ ಗಡಿಯಾರ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಮೊದಲ ವರ್ಷ ಒಡಂಬಡಿಕೆಗೆ ಸಹಿ, ಎರಡನೇ ವರ್ಷ ತರಬೇತಿ, ಮೂರನೇ ವರ್ಷ ‘ಇಂಪ್ಯಾಕ್ಟ್ ವರದಿ’. ನಾಲ್ಕನೆಯದಕ್ಕೆ ಕಂಪನಿಯವರ ಆಸಕ್ತಿ ಕೆರೆ ಹೂಳೆತ್ತುವುದರ ಕಡೆಗೆ ಹೊರಳಿರುತ್ತದೆ. ಮಾರ್ಚ್ ತಿಂಗಳಲ್ಲಿ ಶಾಲೆಗಳಿಗೆ ಧುತ್ತೆಂದು ಬಂದಿಳಿಯುವ ಡೆಸ್ಕು, ಬ್ಯಾಗು, ಟಿವಿಗಳನ್ನು ನೋಡಿದ ಯಾವ ಶಿಕ್ಷಕರಿಗೂ ಆರ್ಥಿಕ ವರ್ಷ ಯಾವಾಗ ಮುಗಿಯುತ್ತದೆಂದು ಹೇಳಿಕೊಡಬೇಕಾಗಿಲ್ಲ.

ಲಾಭಕ್ಕೆಂದೇ ಕಟ್ಟಿದ ಉದ್ಯಮದ ಕಥೆ ಇದಕ್ಕಿಂತ ಜೋರಾಗಿ ಕಣ್ಣಿಗೆ ಬಿದ್ದಿದೆ, ಅದೂ ನಮ್ಮ ಬೆಂಗಳೂರಿನಲ್ಲೇ. ಕಣ್ಣೂರು ಜಿಲ್ಲೆಯ ಅಳಿಕ್ಕೋಡಿನಲ್ಲಿ ಶಿಕ್ಷಕ ದಂಪತಿಯ ಮಗನಾಗಿ ಹುಟ್ಟಿದ, ಸ್ವತಃ ಒಳ್ಳೆಯ ಮೇಷ್ಟ್ರೆಂದು ಹೆಸರಾಗಿದ್ದ ಬೈಜು ರವೀಂದ್ರನ್ 2011ರಲ್ಲಿ ತಮ್ಮ ಹೆಸರಿನದೇ ಕಂಪನಿ ಕಟ್ಟಿದರು, 2015ರಲ್ಲಿ ಆ್ಯಪ್ ಬಂತು. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರ್ ಎನ್ನಲಾಯಿತು. ಭಾರತ ಕ್ರಿಕೆಟ್ ತಂಡದ ಎದೆಯ ಮೇಲೆ ಅದೇ ಹೆಸರು. ಪೋಷಕರಿಗೆ ಆಸೆ, ಭಯ ತೋರಿಸಿ ಕೋರ್ಸ್ ಮಾರಲಾಗುತ್ತಿದೆ ಎಂಬ ದೂರುಗಳ ಮೇಲೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಸಮನ್ಸ್ ಕೊಟ್ಟದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. 2024ರ ಜುಲೈಯಲ್ಲಿ ಕ್ರಿಕೆಟ್ ಮಂಡಳಿಯ 158 ಕೋಟಿ ರೂಪಾಯಿ ಬಾಕಿಯ ವಿಚಾರ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿ ಮುಂದೆ ಬಂದು ಕಂಪನಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿಬಿತ್ತು. ಹೂಡಿಕೆದಾರರ ನಷ್ಟದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಇಎಂಐ ಕಟ್ಟಿದ ಮನೆಯ ಮಗುವಿಗೆ ಭಿನ್ನರಾಶಿ ಬಂತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರ ಮಕ್ಕಳಾಗಿ ಹುಟ್ಟಿ ಶಿಕ್ಷಣದ ಉದ್ಯಮಕ್ಕೆ ಇಳಿದವರಿಗೆಲ್ಲ ಈ ಕಥೆ ಒಂದು ರಾತ್ರಿಯಾದರೂ ನಿದ್ದೆ ಕೆಡಿಸಬೇಕು.

ಈಗ ನಿಂತವರ ಮಾತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ಏಕೋಪಾಧ್ಯಾಯ ಶಾಲೆಗಳಿಗೆಂದು ರೂಪಿಸಿದ್ದ ಕಲಿಕಾ ಕಾರ್ಡುಗಳನ್ನು ನೋಡಿದರು. ವಾಪಸು ಬಂದು ಅದನ್ನೇ ನಕಲು ಮಾಡಲಿಲ್ಲ. ಯುನಿಸೆಫ್ ನೆರವಿತ್ತು, ಆದರೆ ಕೂತು ಬರೆದವರು, ಚಿತ್ರ ಬಿಡಿಸಿದವರು, ಹಾಡು ಕಟ್ಟಿದವರು ಆ ಮೇಷ್ಟ್ರುಗಳೇ. ಅದೇ ‘ನಲಿ ಕಲಿ’ ಆಯಿತು. ಅದರ ಅಕ್ಷರ ಕಲಿಸುವ ಕ್ರಮ ನೋಡಿದರೆ ಕೂತು ಮಾಡಿದ ಕೆಲಸ ಎಂದರೇನೆಂದು ತಿಳಿಯುತ್ತದೆ. ಅ, ಆ, ಇ, ಈ ಎಂದು ಮಾಲೆ ಒಪ್ಪಿಸುವುದರಿಂದ ಅದು ಶುರುವಾಗುವುದಿಲ್ಲ. ಮೊದಲ ಕಂತು ರ, ಗ, ಸ, ದ, ಅ. ಆ ಐದು ಅಕ್ಷರ ಕೈಗೆ ಬಂದ ವಾರವೇ ಮಗು ಸರ, ದರ, ಅರಸ, ಅಗಸ ಎಂದು ಓದುತ್ತದೆ. ಬಡಗಿಯ ಮಗ ‘ಗರಗಸ’ ಎಂದು ತಾನೇ ಬರೆದು ಮೇಷ್ಟ್ರಿಗೆ ತೋರಿಸಬಹುದು. ಬರೆಯಲು ಸುಲಭವಾದ ಆಕಾರ, ಮನೆಯಲ್ಲಿ ಬಳಸುವ ಮಾತು ಎರಡನ್ನೂ ಹಿಡಿದು ಯೋಚಿಸಿದ ಕ್ರಮ ಅದು.

ಇನ್ನೊಂದು ಗಮನಿಸಿ. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದ್ದೇ ಮೆಟ್ಟಿಲು. ಜಾತ್ರೆಗೆಂದೋ ಜ್ವರವೆಂದೋ, ಅಪ್ಪ ಅಮ್ಮನ ಜೊತೆ ಕಾಫಿ ತೋಟಕ್ಕೆಂದೋ ಹದಿನೈದು ದಿನ ತಪ್ಪಿಸಿಕೊಂಡ ಹುಡುಗಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾಳೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಒಟ್ಟಿಗೆ ಕೂರುತ್ತಾರೆ. ಕೆಲವರಿಗೆ ಶಿಕ್ಷಕರ ಪೂರ್ಣ ಬೆಂಬಲ, ಕೆಲವರಿಗೆ ಗೆಳೆಯರ ಬೆಂಬಲ, ಕೆಲವರದು ಸ್ವಕಲಿಕೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆಟುಕುವ ಕಪ್ಪು ಹಲಗೆ, ತಲೆಯ ಮೇಲೆ ಚಪ್ಪರ, ಅದರಿಂದ ತೂಗುವ ಅವರದೇ ಚಿತ್ರಗಳು. ಒಂದು ತಾಲ್ಲೂಕಿನಲ್ಲಿ ಹುಟ್ಟಿದ್ದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬುವುದಕ್ಕೆ 2009-10 ಬರಬೇಕಾಯಿತು. ಸುಮಾರು ಹದಿನಾಲ್ಕು ವರ್ಷ. ಯಾವ ಸಿಎಸ್‌ಆರ್ ಸಮಿತಿ ಅಷ್ಟು ಕಾಯುತ್ತಿತ್ತು? ಹಬ್ಬಿದ ಮೇಲೆ ಎಲ್ಲ ಕಡೆಯೂ ಅದೇ ಜೀವ ಉಳಿಯಲಿಲ್ಲ ಎಂಬುದೂ ನಿಜ. ತಾವೇ ಬರೆದ ಕಾರ್ಡು ಎಂಬ ಅಭಿಮಾನ ಇದ್ದಲ್ಲಿ ಅದು ಪಾಠವಾಯಿತು, ಮೇಲಿನಿಂದ ಆದೇಶವಾಗಿ ಬಂದಲ್ಲಿ ಪ್ರಗತಿ ನೋಟ ತುಂಬುವ ಕೆಲಸವಾಯಿತು. ನಿಮ್ಮ ‘ಸ್ಕೇಲ್’ ಎಂಬ ಹುಚ್ಚಿಗೆ ಇದರಲ್ಲಿ ಉತ್ತರವಿದೆ.

ಮಧ್ಯಪ್ರದೇಶದ ಹೊಶಂಗಾಬಾದಿನಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇನ್ನೂ ದೀರ್ಘ ದಾರಿ ಸವೆಸಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹಚ್ಚಿದ್ದನ್ನು 1982ರಲ್ಲಿ ಹುಟ್ಟಿದ ಏಕಲವ್ಯ ಮುಂದೆ ಹೊತ್ತಿತು. ಮಕ್ಕಳು ಪ್ರಯೋಗ ಮಾಡಿ ಕಲಿತರು, ಪುಸ್ತಕ ತೆರೆದಿಟ್ಟುಕೊಂಡು ಪರೀಕ್ಷೆ ಬರೆದರು. ತಲೆಯಲ್ಲಿ ಎದ್ದ ಪ್ರಶ್ನೆಯನ್ನೆಲ್ಲ ಸವಾಲಿರಾಮ್ ಎಂಬ ಕಾಲ್ಪನಿಕ ವ್ಯಕ್ತಿಗೆ ಕಾಗದ ಬರೆದು ಕೇಳಿದರು, ಉತ್ತರವೂ ಬಂತು. ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತರು. 30 ವರ್ಷವಾದ ಮೇಲೆ, 2002ರಲ್ಲಿ, ರಾಜ್ಯ ಸರ್ಕಾರ ಅದನ್ನು ಮುಚ್ಚಿತು. ಏಕಲವ್ಯ ಮಾತ್ರ ಮುಚ್ಚಲಿಲ್ಲ. 1985ರಿಂದ ಹೊರಡಿಸುತ್ತಿದ್ದ ಮಕ್ಕಳ ಪತ್ರಿಕೆ ‘ಚಕ್ಮಕ್’ ನಿಲ್ಲಿಸಲಿಲ್ಲ, ಶಿಕ್ಷಕರ ಒಡನಾಟ ಬಿಡಲಿಲ್ಲ. ಸರ್ಕಾರದ ಆದೇಶಕ್ಕೆ ಬಗ್ಗದಷ್ಟು ಬೇರು ನಿಮ್ಮ ಸಂಸ್ಥೆಗಿದೆಯೇ? ಅಥವಾ ಒಂದು ಇಮೇಲ್ ಬಂದರೆ ಸಾಕೇ?

ಹೀಗೆ ನೆಲೆ ನಿಲ್ಲುವುದು ನಮ್ಮಲ್ಲಿ ಹೊಸ ಧರ್ಮವೇನೂ ಅಲ್ಲ. 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾವ್ ಅವರನ್ನು ಸ್ವಂತ ಜಾತಿಯವರೇ ದೂರವಿಟ್ಟರು. ಅವರು ಜಾಗ ಬಿಟ್ಟು ಕದಲಲಿಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಯುವಕರು ಕೆಎಲ್‌ಇ ಸಂಸ್ಥೆಯ ಶಾಲೆಗೆ ತಮ್ಮ ಬದುಕನ್ನೇ ಕೊಟ್ಟರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರ ಕಾಲದಲ್ಲಿ ‘ಎಕ್ಸಿಟ್ ಸ್ಟ್ರಾಟೆಜಿ’ ಎಂಬುದನ್ನು ಯಾರೂ ಕೇಳಿರಲಿಲ್ಲ.

ಜೀವನಪೂರ್ತಿ ಬನ್ನಿ ಎಂದು ನಾನು ಕೇಳುತ್ತಿಲ್ಲ. ಹತ್ತು ವರ್ಷ ಕೇಳುತ್ತಿದ್ದೇನೆ, ಒಂದು ಮಗು ಶಾಲೆಯಲ್ಲಿರುವಷ್ಟು ಕಾಲ. ಸಾವಿರ ಶಾಲೆ ಬೇಡ, ನಿಮ್ಮ ಕೈಲಾದಷ್ಟು ಶಾಲೆ ಹಿಡಿಯಿರಿ. ಅಲ್ಲಿನ ಶಿಕ್ಷಕರನ್ನು ‘ತರಬೇತಿ ಪಡೆದವರು’ ಎಂದು ಎಣಿಸುವುದನ್ನು ಬಿಟ್ಟು, ಅವರು ಬರೆದದ್ದನ್ನು ಅವರ ಹೆಸರಿನಲ್ಲೇ ಅಚ್ಚು ಹಾಕಿಸಿ. ಕಿಟ್ಟು ಒಡೆದರೆ ಮೇಷ್ಟ್ರ ತಲೆಗೆ ಬರುವುದಿಲ್ಲ ಎಂದು ಬಿಇಒ ಅವರಿಂದ ಬರಹದಲ್ಲಿ ಪಡೆದುಕೊಡಿ. ಒಂದು ಹಾಳೆಯ ಉಪಕಾರ ಇದು, ಬೀರುವಿನ ಬೀಗ ತೆಗೆಯುವುದಕ್ಕೆ ಇದಕ್ಕಿಂತ ದೊಡ್ಡ ನಾವೀನ್ಯ ಬೇಕಿಲ್ಲ. ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳ ಹಾಗೆ, ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಊರಿನವರ ಎದುರಿಗೇ ಇಡಿ. ದೆಹಲಿಯ ಹೋಟೆಲಿನ ಸಮ್ಮೇಳನಕ್ಕಿಂತ ಮೊದಲು ವರದಿ ಪಂಚಾಯಿತಿ ಕಟ್ಟೆಗೆ ಬರಲಿ, ಕನ್ನಡದಲ್ಲಿ ಬರಲಿ. ಸೋತಿದ್ದರೆ ಸೋತೆವೆಂದು ಅಲ್ಲೇ ಹೇಳಿ. ಬೈಸಿಕೊಳ್ಳಿ. ಮರುದಿನ ಮತ್ತೆ ಅದೇ ಶಾಲೆಗೆ ಹೋಗಿ.

ಹಣ ಕೊಡುವವರಿಗೂ ಒಂದು ಮಾತು. ಮೂರು ವರ್ಷದ ಮಿತಿ ಒಂದು ಯೋಜನೆಗೆ ಹಾಕಿದ್ದು. ಅದೇ ಶಾಲೆಗಳಿಗೆ ಮತ್ತೊಂದು, ಮಗದೊಂದು ಯೋಜನೆ ಬರೆಯಬೇಡಿ ಎಂದು ಯಾವ ನಿಯಮವೂ ತಡೆದಿಲ್ಲ, ತಡೆಯುವುದು ನಿಮ್ಮ ಬೇಸರ. ನಿಮ್ಮ ಫಾರಂನಲ್ಲಿ ‘ತಲುಪಿದ ಮಕ್ಕಳ ಸಂಖ್ಯೆ’ ಎಂಬ ಕಲಂ ತೆಗೆದುಹಾಕಿ, ‘ಓದಲು ಬಂದ ಮಕ್ಕಳು’ ಎಂದು ಬರೆಯಿರಿ. ಅಂಕಿ ಸಣ್ಣದಾಗುತ್ತದೆ, ಆಗಲಿ.

2026ರ ಜೂನ್‌ನಲ್ಲಿ ಒಂದನೇ ತರಗತಿಗೆ ದಾಖಲಾಗುವ ಮಗು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುವುದು 2036ರಲ್ಲಿ. ಮುಂದಿನ ಪ್ರಸ್ತಾವನೆಯ ಮೊದಲ ಪುಟದಲ್ಲಿ ಆ ಇಸವಿ ಬರೆದು, ಆವತ್ತಿನವರೆಗೆ ಆ ಶಾಲೆಗೆ ಯಾರು ಹೋಗುತ್ತಿರುತ್ತಾರೆಂದು ಹೆಸರು ಹಾಕಿ ಸಹಿ ಮಾಡಿ. ಸಹಿ ಮಾಡಲು ಕೈ ಬಾರದಿದ್ದರೆ ದಯವಿಟ್ಟು ಆ ಶಾಲೆಯ ಗೇಟು ದಾಟಬೇಡಿ.